ಜಾನ್ ಡನ್ ಕವಿತೆಗಳ ಕೈಬರಹದ ಪುಸ್ತಕಗಳು: ಯಾವ ಪಾಠ ಸರಿ?

ಸಾಗರದ ಮೇಷ್ಟ್ರು:
ನಮಸ್ಕಾರ. ಪಿಯು ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತೇನೆ. ಇಂಗ್ಲಿಷ್ ಕವಿ ಜಾನ್ ಡನ್ ತೀರಿಕೊಂಡದ್ದು 1631ರಲ್ಲಿ, ಕವಿತೆಗಳ ಪುಸ್ತಕ ಅಚ್ಚಾದದ್ದು 1633ರಲ್ಲಿ. ಅಲ್ಲಿವರೆಗೆ ಹೆಚ್ಚಿನವು ಕೈಯಿಂದ ಕೈಗೆ ಓಡಾಡುತ್ತಿದ್ದವು. ಇಷ್ಟಪಟ್ಟವರು ತಮ್ಮ ಪುಸ್ತಕಕ್ಕೆ ಬರೆದುಕೊಳ್ಳುತ್ತಿದ್ದರು. ಒಬ್ಬೊಬ್ಬರ ಪುಸ್ತಕದಲ್ಲಿ ಒಂದೊಂದು ಪಾಠ, ಅಂದರೆ ಅದೇ ಕವಿತೆಯ ಪದಗಳು ಬೇರೆ ಬೇರೆ. ಹಾಗಾದ್ರೆ ಕವಿ ಬರೆದದ್ದು ಯಾವುದು? ಇವನ್ನೆಲ್ಲ ಇಲ್ಲೇ ಕೂತು ನೋಡೋಕೆ ದಾರಿ ಇದೆಯಾ? ಮಳೆ ರಜೆ ಕೊಟ್ಟಾಗ ಸುಮ್ನೆ ಕೂರೋಕೆ ಮನಸ್ಸಿಲ್ಲ.

ತೀರ್ಥಹಳ್ಳಿಯಿಂದ:
ಸರ್, ಮೂಲ ಹುಡುಕಿ ಹೊರಟರೆ ಬೇಗ ದಾರಿ ಮುಗಿಯುತ್ತದೆ. ಡನ್ ಸ್ವಂತ ಕೈಯಲ್ಲಿ ಬರೆದ ಇಂಗ್ಲಿಷ್ ಕವಿತೆ ಉಳಿದಿರುವುದು ಒಂದೇ. ಅದೂ ಪತ್ತೆಯಾದದ್ದು 1970ರಲ್ಲಿ. ಈಗ ಆಕ್ಸ್‌ಫರ್ಡಿನ ಬೋಡ್ಲಿಯನ್ ಲೈಬ್ರರಿಯಲ್ಲಿದೆ.

ನನಗೆ ಬರೆದುಕೊಂಡವರೇ ಮುಖ್ಯ. ಶೇಕ್ಸ್‌ಪಿಯರನ ಎರಡನೇ ಸಾನೆಟ್ (ಹದಿನಾಲ್ಕು ಸಾಲಿನ ಕವಿತೆ) ನೋಡಿ. 1609ರಲ್ಲಿ ಅಚ್ಚಾಯಿತು. ಅಲ್ಲಿ ಅದು ಒಬ್ಬ ಚೆಲುವ ಹುಡುಗನಿಗೆ ಹೇಳಿದ ಸಾಲುಗಳ ನಡುವೆ ಇದೆ. ಆಮೇಲೂ ಜನ ಅದನ್ನು ಕೈಯಲ್ಲಿ ಬರೆದುಕೊಂಡರು. ಕೆಲವು ಪುಸ್ತಕಗಳಲ್ಲಿ ಅದರ ತಲೆಬರಹ ಏನು ಗೊತ್ತಾ? ಕನ್ಯೆಯಾಗಿಯೇ ಸಾಯುತ್ತೇನೆ ಎಂದವಳಿಗೆ, ಅಂತ! ಅದೇ ಕವಿತೆ ಈಗ ಮದುವೆ ಒಲ್ಲೆ ಎಂದ ಹುಡುಗಿಗೆ ಬುದ್ಧಿಮಾತು. ಇದನ್ನು ತಪ್ಪು ಅಂತ ಜರಡಿ ಹಿಡಿದರೆ ಒಬ್ಬ ಓದುಗನನ್ನೇ ಕಳೆದುಕೊಳ್ಳುತ್ತೇವೆ.

ನಮ್ಮ ಸೋದರತ್ತೆಯ ಹಾಡಿನ ಪುಸ್ತಕದಲ್ಲೂ ಹೀಗೇ. ಆರತಿ ಹಾಡಿನಲ್ಲಿ ಮದುಮಗಳ ಹೆಸರು ಬರುವ ಕಡೆ ಜಾಗ ಖಾಲಿ ಬಿಟ್ಟಿದ್ದಾರೆ. ಪಕ್ಕದ ಪುಟದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ಅಳತೆ. ಅವರು ಹಾಡನ್ನು ಹೇಗೆ ಬಳಸಿದರು ಅಂತ ಆ ಖಾಲಿ ಜಾಗವೇ ಹೇಳುತ್ತದೆ. ಡನ್ ಪ್ರತಿಗಳಲ್ಲೂ ಅಕ್ಕಪಕ್ಕ ಯಾರ ಕವಿತೆ ಇದೆ, ತಲೆಬರಹ ಏನು ಕೊಟ್ಟಿದ್ದಾರೆ, ಅದನ್ನು ಮೊದಲು ನೋಡಿ.

ಕೊಪ್ಪದ ಓದುಗಿ:
ದಾರಿ ಖಂಡಿತ ಇದೆ ಸರ್. ಪೀಟರ್ ಬೀಲ್ ಅವರು 1450ರಿಂದ 1700ರವರೆಗಿನ ಇಂಗ್ಲಿಷ್ ಸಾಹಿತ್ಯದ ಹಸ್ತಪ್ರತಿಗಳ ದೊಡ್ಡ ಪಟ್ಟಿ ಮಾಡಿದ್ದಾರೆ. ಆನ್‌ಲೈನಿನಲ್ಲಿ ಉಚಿತ. ಆದರೆ ಆ ಕಾಲದ ಕೈಬರಹ ಒಮ್ಮೆಲೇ ಓದೋಕೆ ಬರಲ್ಲ. ಮೊದಲು ಡೆವನ್‌ಶೈರ್ ಹಸ್ತಪ್ರತಿಯಿಂದ ಶುರು ಮಾಡಿ. ಅದರ ಪೂರ್ತಿ ಪಠ್ಯ ವಿಕಿಬುಕ್ಸ್‌ನಲ್ಲಿದೆ. 1530ರ ದಶಕದಲ್ಲಿ ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿಯ ಅರಮನೆಯ ಹೆಂಗಸರೂ ಬರೆದ ಪುಸ್ತಕ ಅದು. ಆ ಕಾಲದ ಕವಿ ಥಾಮಸ್ ವಯಟ್‌ನ ಕವಿತೆಗಳೇ ಜಾಸ್ತಿ. ಅದರಲ್ಲಿ ಬರೆದ ಮಾರ್ಗರೆಟ್ ಡಗ್ಲಸ್, ರಾಜನನ್ನು ಕೇಳದೆ ಮದುವೆಯ ಮಾತು ಕೊಟ್ಟಳು ಅಂತ 1536ರಲ್ಲಿ ಸೆರೆಗೆ ಬಿದ್ದವಳು. ಅವಳ, ಅವಳ ಪ್ರಿಯನ ಪದ್ಯಗಳು ಅಲ್ಲಿವೆ. ಓದಿ, ಕರುಳು ಚುರ್ ಅನ್ನುತ್ತದೆ.

ಹೊಸನಗರದಿಂದ:
ಒಂದು ಮಾತು ಸೇರಿಸುತ್ತೇನೆ. ಈ ಹಸ್ತಪ್ರತಿ ಬರೆದವರ ಮಸಿ ಓಕ್ ಮರದ ಗಂಟುಕಾಯಿ, ಅನ್ನಭೇದಿ, ಗೋಂದು ಸೇರಿಸಿ ಮಾಡಿದ್ದು. ವರ್ಷ ಕಳೆದಂತೆ ಅದು ಕಾಗದವನ್ನೇ ತಿನ್ನುತ್ತದೆ. ಕೆಲವು ಪುಟಗಳಲ್ಲಿ ಅಕ್ಷರದ ಜಾಗದಲ್ಲಿ ತೂತು ಕಾಣುವುದು ಅದಕ್ಕೇ. ಅದನ್ನು ಹುಳ ತಿಂದದ್ದು ಅಂದುಕೊಳ್ಳಬೇಡಿ.

ಸಾಗರದ ಮೇಷ್ಟ್ರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸೋಮವಾರ ಮಕ್ಕಳಿಗೆ ಆ ಸಾನೆಟ್ಟನ್ನು ತಲೆಬರಹ ಇಲ್ಲದೆ ಒಮ್ಮೆ, ಆ ತಲೆಬರಹ ಹಾಕಿ ಒಮ್ಮೆ ಓದಿಸುತ್ತೇನೆ. ತೀರ್ಥಹಳ್ಳಿಯವರೇ, ನಿಮ್ಮತ್ತೆ ಪುಸ್ತಕದ ಫೋಟೋ ತೆಗೆದಿಟ್ಟಿದ್ದೀರಾ?