ಸಹಾಯ ಬೇಕು: ನ್ಯೂಜೀನ್ಸ್ ತಂಡದ ‘ಗೆಟ್ ಅಪ್’ ಸಿ.ಡಿ. ಎಲ್ಲಿ ಸಿಗುತ್ತದೆ?

ಒಂಬತ್ತನೇ ತರಗತಿಯ ಅಕ್ಕನ ಮಗಳ ಹುಟ್ಟುಹಬ್ಬಕ್ಕೆ ದಕ್ಷಿಣ ಕೊರಿಯಾದ ಗಾಯಕಿಯರ ತಂಡ ನ್ಯೂಜೀನ್ಸ್‌ನ 2023ರ ಆಲ್ಬಮ್ ‘ಗೆಟ್ ಅಪ್’ ಕೊಡಿಸಬೇಕಿದೆ. ಆರು ಹಾಡು, ಎಲ್ಲ ಸೇರಿ ಸುಮಾರು ಹನ್ನೆರಡೇ ನಿಮಿಷ! ನಮ್ಮ ಕಾಲದ ಕ್ಯಾಸೆಟ್ಟಿನ ಒಂದು ಬದಿಯೂ ತುಂಬದು. ಆದರೂ ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ಬಿಲ್‌ಬೋರ್ಡ್ 200 ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತ್ತು. ಕೇಳಿ ನೋಡಿದೆ, ಅಬ್ಬರವಿಲ್ಲ, ಮೆಲುದನಿ, ಅದರಡಿಯಲ್ಲಿ ಚುರುಕು ತಾಳ. ಅದರಲ್ಲಿನ ‘ಸೂಪರ್ ಶೈ’ ಹಾಡು ನನಗೂ ಹಿಡಿಸಿತು. ತಂಡದ ಐವರಲ್ಲಿ ಕಿರಿಯಳಾದ ಹೇಯಿನ್‌ಗೆ ಆಗ 15 ವರ್ಷ. ನಮ್ಮ ಹುಡುಗಿಗೆ ಅವಳೆಂದರೆ ಪ್ರಾಣ.

ಇದೇ ಆಲ್ಬಮ್ ಹಲವು ಆವೃತ್ತಿಗಳಲ್ಲಿದೆ. ಒಳಗಿರುವ, ಗಾಯಕಿಯ ಚಿತ್ರವಿರುವ ಫೋಟೊ ಕಾರ್ಡ್ ಯಾರದ್ದೆಂಬುದು ತೆರೆದ ಮೇಲೆಯೇ ತಿಳಿಯುವುದಂತೆ (ಲಾಟರಿಯೇ ಸರಿ). ಹೇಯಿನ್ ಕಾರ್ಡೇ ಬೇಕೆಂದರೆ ದಾರಿಯಿದೆಯೇ? ಬೆಂಗಳೂರಿನಲ್ಲಿ ಅಸಲಿ ಪ್ರತಿ ಮಾರುವ ಅಂಗಡಿ ಯಾವುದು? ಕೊರಿಯಾದಿಂದ ನೇರವಾಗಿ ತರಿಸಿಕೊಂಡವರಿದ್ದರೆ ಸುಂಕ ಎಷ್ಟಾಯಿತೆಂದು ದಯವಿಟ್ಟು ತಿಳಿಸಿ. ಹುಟ್ಟುಹಬ್ಬ ಮುಂದಿನ ತಿಂಗಳು.