ಪದಚರ್ಚೆ: ‘ರಿಸರ್ಚ್ ಅಪ್‌ಟೇಕ್’ಗೆ ಕನ್ನಡ ಬೇಕು, ಫ್ಲೆಕ್ಸ್ ನಾಳೆ ಅಚ್ಚಿಗೆ

ಕೃಷಿ, ಆರೋಗ್ಯ ಸಂಶೋಧಕರ ತರಬೇತಿಯ ಫ್ಲೆಕ್ಸ್. ರಿಸರ್ಚ್ ಅಪ್‌ಟೇಕ್ ಎಂದರೆ ಸಂಶೋಧನೆಯ ಫಲ ಜನರ, ಸರ್ಕಾರದ ಬಳಕೆಗೆ ಬರುವಂತೆ ಮಾಡುವುದು. ಕರಡಿನಲ್ಲಿ ಅದಕ್ಕೆ ‘ಸಂಶೋಧನಾ ಸಂವಹನ’ ಎಂದಿದೆ, ನಡೆಯುತ್ತದೆಯೇ? ಸಂಶೋಧಕರಿಗೂ ಬಳಸುವವರಿಗೂ ನಡುವೆ ನಿಂತು ತಿಳಿವಳಿಕೆ ದಾಟಿಸುವ ‘ನಾಲೆಜ್ ಬ್ರೋಕರ್’ಗೂ ಒಂದು ಪದ ಬೇಕು. ದಯವಿಟ್ಟು ಇಂದೇ ತಿಳಿಸಿ.
– ವಿ.

ನಡೆಯುವುದಿಲ್ಲ. ‘ವಹ್’ ಎಂದರೆ ಹೊರು. ವಾಹನ, ಪ್ರವಾಹ ಎಲ್ಲ ಅದರ ಸಂತಾನ. ಹೊತ್ತು ತಂದು ಇಳಿಸಿದರೆ ಸಂವಹನದ ಕೆಲಸ ಮುಗಿಯಿತು, ಪಡೆದವರು ಬಳಸಿದರೇ ಎಂಬ ಪ್ರಶ್ನೆ ಅದರಲ್ಲಿಲ್ಲ. ಬ್ರಿಟನ್ನಿನ ವಿದೇಶಿ ನೆರವಿನ ಇಲಾಖೆಯಾಗಿದ್ದ ಡಿಎಫ್‌ಐಡಿ ಮೊದಲು ಸಂಶೋಧನೆಯ ಹಣದಲ್ಲಿ ಕನಿಷ್ಠ ಶೇ. 10 ಸಂವಹನಕ್ಕೆ ಇಡಿ ಎನ್ನುತ್ತಿತ್ತು. ಆಮೇಲೆ ‘ಅಪ್‌ಟೇಕ್’ ಎಂಬ ಹೆಸರಿನಡಿ ನಾಲ್ಕು ಕೆಲಸ ಸೇರಿಸಿತು: ಸಂಬಂಧಪಟ್ಟವರನ್ನು ಶುರುವಿನಿಂದಲೇ ಒಳಗೊಳ್ಳುವುದು, ಸಾಮರ್ಥ್ಯ ಬೆಳೆಸುವುದು, ಸಂವಹನ, ಬಳಕೆಯ ಮೇಲೆ ನಿಗಾ. ನಾಲ್ಕರಲ್ಲಿ ಒಂದರ ಹೆಸರನ್ನು ಇಡೀ ಕೆಲಸಕ್ಕೆ ಕಟ್ಟಬೇಡಿ. ‘ಸಂಶೋಧನೆಯ ಬಳಕೆ’ ಎಂದು ಹಾಕಿ.
– ರಾ. ಭಟ್

ಕೃಷಿ ವಿಸ್ತರಣೆಯವರು ‘ಅಳವಡಿಕೆ’ ಎನ್ನುತ್ತಾರಲ್ಲ?
– ಸು.

ಅಳವಡಿಸಿಕೊಳ್ಳುವುದು ತಳಿಯನ್ನು, ಯಂತ್ರವನ್ನು. ಅಧ್ಯಯನ ನೋಡಿ ಸರ್ಕಾರ ಒಂದು ಯೋಜನೆ ಕೈಬಿಟ್ಟರೆ ಅದೂ ಅಪ್‌ಟೇಕೇ. ಅಲ್ಲಿ ಅಳವಡಿಸಿದ್ದೇನು? ‘ಹೀರಿಕೆ’ಯಂತೂ ಬೇಡವೇ ಬೇಡ, ಮಣ್ಣುವಿಜ್ಞಾನದವರು ಬೇರು ಪೋಷಕಾಂಶ ಹೀರುವುದೆಂದೇ ಓದುತ್ತಾರೆ.
– ರಾ. ಭಟ್

‘ಅರಕೆಯ ಬಳಕೆ’ ಎನ್ನಿ, ಸಂಶೋಧನೆಗೆ ಅಚ್ಚಗನ್ನಡದಲ್ಲಿ ‘ಅರಕೆ’. ಪ್ರತಿಯೊಂದಕ್ಕೂ ಸಂಸ್ಕೃತದ ಬಾಗಿಲು ತಟ್ಟುವುದು ಯಾವಾಗ ನಿಲ್ಲುತ್ತದೆ?
– ಮಾ.

‘ಅರಕೆ’ಗೆ ಕೊರತೆ ಎಂಬ ಅರ್ಥವೂ ನಿಘಂಟಿನಲ್ಲಿದೆ. ಫ್ಲೆಕ್ಸಿನ ಮೇಲೆ ಪ್ರಯೋಗ ಬೇಡ.
– ರಾ. ಭಟ್

ಬ್ರೋಕರ್‌ಗೆ ‘ದಲ್ಲಾಳಿ’ ಇದೆ. ಅರಬಿ ಮೂಲದಲ್ಲಿ ದಾರಿ ತೋರುವವನು, ಅರ್ಥ ಸರಿಯಾಗಿ ಕೂಡುತ್ತದೆ.
– ಹು.

ಮೂಲ ಏನೇ ಇರಲಿ, ಎಪಿಎಂಸಿಯಲ್ಲಿ ಮಾಲು ಮಾರಿದ ರೈತನಿಗೆ ದಲ್ಲಾಳಿ ಎಂದರೆ ಕಮಿಷನ್. ಇಲ್ಲೇ ಹುಟ್ಟಿ ಬಳಕೆಯಾದ ಪದವಿದೆ: ‘ಅನುವುಗಾರ’. 2009ರಲ್ಲಿ ಶುರುವಾದ ಕರ್ನಾಟಕ ಸರ್ಕಾರದ ಕೃಷಿ ಯೋಜನೆ ಭೂಚೇತನದಲ್ಲಿ, ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ ಮಣ್ಣು ಪರೀಕ್ಷೆಯ ಫಲಿತಾಂಶವನ್ನು ಊರ ಗೋಡೆಗಳ ಮೇಲೆ ಬರೆಸಿದರು. ಗಂಧಕ, ಸತು, ಬೋರಾನ್ ಕೊರತೆ ಎಂದು ಗೋಡೆ ಹೇಳುತ್ತದೆ. ನನ್ನ ಹೊಲಕ್ಕೆ ಏನು ಹಾಕಲಿ, ಎಷ್ಟು ಹಾಕಲಿ ಎಂದು ಕೇಳಿದರೆ ಉತ್ತರಿಸಲು ಆಳು ಬೇಕು. ಆ ಆಳೇ ರೈತ ಅನುವುಗಾರ.
– ಸು.

‘ಗಾರ’ ಸಂಸ್ಕೃತದ ‘ಕಾರ’. ಮತ್ತೆ ಎರವಲು.
– ಮಾ.

ಹಾಗಾದರೆ ಕುಂಬಾರ, ಕಮ್ಮಾರರನ್ನೂ ಹೊರಗೆ ಕಳಿಸಬೇಕಾಗುತ್ತದೆ. ಎರವಲು ಎಂಬುದೊಂದೇ ಕಾರಣಕ್ಕೆ ಪದ ಬಿಡಲಾಗದು. ವಿ. ಅವರೇ, ‘ಸಂಶೋಧನೆಯ ಬಳಕೆ’, ‘ಜ್ಞಾನ ಅನುವುಗಾರ’ ಎಂದು ಕಳಿಸಿ. ಯೂನಿಕೋಡ್ ಪಠ್ಯ ಕೊಡಬೇಡಿ. ಅಚ್ಚಿನ ಅಂಗಡಿಯವರು ಅದನ್ನು ಯೂನಿಕೋಡ್ ಅಲ್ಲದ ಹಳೆಯ ‘ನುಡಿ’ ಫಾಂಟಿಗೆ ಬದಲಿಸುವಾಗ ‘ಜ್ಞಾ’ದ ಒತ್ತು ಒಡೆಯಬಹುದು. ಫಾಂಟ್ ಸೇರಿಸಿದ ಪಿಡಿಎಫ್ ಕೊಡಿ.
– ರಾ. ಭಟ್