ಸೌತೆಕಾಯಿ ಎಸೆದ ಕೋತಿ

ವಿನಯ್: (ಮನೆಯವರ ಗ್ರೂಪಿಗೆ ವಿಡಿಯೋ ಹಾಕಿ) ಎಲ್ಲರೂ ನೋಡಿ. ಅಕ್ಕಪಕ್ಕದ ಬೋನಿನಲ್ಲಿ ಎರಡು ಕಪುಚಿನ್ ಕೋತಿಗಳಿವೆ. ಕೋತಿ ಒಂದು ಕಲ್ಲನ್ನು ಕೈಗೆ ಕೊಟ್ಟರೆ ಬದಲಿಗೆ ತಿಂಡಿ ಸಿಗುತ್ತದೆ. ಎರಡಕ್ಕೂ ಸೌತೆಕಾಯಿ ಕೊಟ್ಟಾಗ ಗಲಾಟೆ ಇಲ್ಲ. ಒಂದಕ್ಕೆ ದ್ರಾಕ್ಷಿ ಕೊಟ್ಟ ತಕ್ಷಣ ಇನ್ನೊಂದು ಸೌತೆಕಾಯಿಯನ್ನು ವಾಪಸ್ ಎಸೆಯುತ್ತದೆ! ನ್ಯಾಯ ಅನ್ನೋದು ಹುಟ್ಟಿನಿಂದಲೇ ಬರುತ್ತದೆ.

ಶ್ರೀಧರ: ಇದು ನ್ಯಾಯ ಅಲ್ಲ ವಿನು, ಹೊಟ್ಟೆಕಿಚ್ಚು. ದ್ರಾಕ್ಷಿ ಸಿಕ್ಕ ಕೋತಿ ಏನು ಮಾಡಿತು? ಸುಮ್ನೆ ತಿಂದಿತು. ನನಗೆ ಕಡಿಮೆ ಬಂತು ಅಂತ ಕೂಗಲು ಯಾರೂ ಕಲಿಸಬೇಕಿಲ್ಲ. 34 ವರ್ಷ ಮೇಷ್ಟ್ರಾಗಿದ್ದೆ. ತನ್ನ ಪಾಲನ್ನು ಯಾವ ಮಗುವೂ ತಾನಾಗಿ ಬಿಡುವುದಿಲ್ಲ. ಅದನ್ನು ಮನೆಯವರು ಕಲಿಸಬೇಕು.

ಸುಮಾ: ಚಿಕ್ಕಪ್ಪ, ಈ ಕೋತಿಯ ಮಟ್ಟಿಗೆ ನೀವು ಹೇಳಿದ್ದು ಸರಿ. ಈ ಪ್ರಯೋಗ ಮಾಡಿದ ವಿಜ್ಞಾನಿಗಳು ಸಾರಾ ಬ್ರಾಸ್ನನ್ ಮತ್ತು ಫ್ರಾನ್ಸ್ ಡಿ ವಾಲ್ 2003ರಲ್ಲಿ ಇದನ್ನು ನೇಚರ್ ಅನ್ನೋ ವಿಜ್ಞಾನ ಪತ್ರಿಕೆಯಲ್ಲಿ ಬರೆದರು. ದ್ರಾಕ್ಷಿ ಕಣ್ಣಿಗೆ ಬಿದ್ದ ಮೇಲೆ ಸೌತೆಕಾಯಿ ರುಚಿಸುವುದಿಲ್ಲ, ಅಷ್ಟೇ ಅಂತ ಆಮೇಲೆ ಕೆಲವರು ವಾದ ಮಾಡಿದರು. ಆದರೆ ಅದೇ ಬ್ರಾಸ್ನನ್ 2010ರಲ್ಲಿ ಚಿಂಪಾಂಜಿಗಳಲ್ಲಿ ಬೇರೆಯದನ್ನು ಕಂಡರು. ಪಕ್ಕದ ಚಿಂಪಾಂಜಿಗೆ ಬರೀ ಕ್ಯಾರೆಟ್ ಸಿಕ್ಕಾಗ, ದ್ರಾಕ್ಷಿ ಸಿಕ್ಕ ಚಿಂಪಾಂಜಿಯೂ ಕೆಲವೊಮ್ಮೆ ದ್ರಾಕ್ಷಿ ಬೇಡ ಅಂದಿತು.

ಶ್ರೀಧರ: ಕೆಲವೊಮ್ಮೆ.

ಸುಮಾ: ಮನುಷ್ಯರು ಬಿಟ್ಟುಕೊಡುವುದೂ ಕೆಲವೊಮ್ಮೆಯೇ ಅಲ್ವಾ?

ವಿನಯ್: ಡಾರ್ವಿನ್ 1871ರಲ್ಲೇ ಹೇಳಿದ್ದಾರೆ ಮಾವ. ಗುಂಪಾಗಿ ಬದುಕುವ ಪ್ರಾಣಿಗೆ ಬುದ್ಧಿ ಬೆಳೆದರೆ ಸರಿ ತಪ್ಪಿನ ಅರಿವು ಬಂದೇ ಬರುತ್ತದೆ. ಸಂಸ್ಕಾರ ಎಲ್ಲ ಆಮೇಲೆ ಬಳಿದ ಬಣ್ಣ.

ಶ್ರೀಧರ: ಬಣ್ಣ ಅಂತೀಯಾ! ನಿನ್ನಮ್ಮ ಹಂಚಿ ತಿನ್ನುವುದನ್ನು ನಿನಗೆ ಕಲಿಸಲಿಲ್ವಾ?

ಸುಮಾ: ಇಬ್ಬರೂ ಒಂದು ನಿಮಿಷ ಇರಿ, ಇಲಿಗಳ ವಿಷಯ ಹೇಳುತ್ತೇನೆ. 2011, ಶಿಕಾಗೋ ವಿಶ್ವವಿದ್ಯಾಲಯ. ಒಂದು ಇಲಿಯನ್ನು ಇಕ್ಕಟ್ಟಾದ ಕೊಳವೆಯಲ್ಲಿ ಕೂಡಿಹಾಕಿದರು. ಹೊರಗಿದ್ದ ಇಲಿ ದಿನಗಟ್ಟಲೆ ಒದ್ದಾಡಿ ಬಾಗಿಲು ತೆರೆಯಲು ಕಲಿತಿತು. ಪಕ್ಕದ ಕೊಳವೆಯಲ್ಲಿ ಚಾಕೊಲೇಟ್ ಇಟ್ಟರೂ ಎರಡನ್ನೂ ತೆರೆದು, ಎಷ್ಟೋ ಸಲ ಜೊತೆಗಾರನಿಗೂ ಪಾಲು ಬಿಟ್ಟಿತು. ಇಲ್ಲಿಯವರೆಗೆ ವಿನಯಣ್ಣ ಹೇಳಿದ್ದು ಸರಿ.

ಸುಮಾ: ಅದೇ ತಂಡದ 2014ರ ಪ್ರಯೋಗ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬಿಳಿ ಇಲಿ ಗುರುತಿಲ್ಲದ ಬಿಳಿ ಇಲಿಯನ್ನೂ ಬಿಡಿಸುತ್ತದೆ. ತಲೆ ಕಪ್ಪಗಿರುವ ಬೇರೆ ತಳಿಯ ಇಲಿ ಸಿಕ್ಕಿಕೊಂಡರೆ ಬಿಡಿಸುವುದಿಲ್ಲ. ಆ ತಳಿಯ ಒಂದೇ ಒಂದು ಇಲಿಯ ಜೊತೆ ಕೆಲವು ದಿನ ಇಟ್ಟು ನೋಡಿದರು. ಆಗ ಆ ತಳಿಯ ಅಪರಿಚಿತರನ್ನೂ ಬಿಡಿಸಿತು. ಹುಟ್ಟಿದಾಗಿನಿಂದ ಕಪ್ಪು ತಲೆಯವುಗಳ ಮಧ್ಯೆಯೇ ಬೆಳೆದ ಬಿಳಿ ಇಲಿಯಂತೂ ತನ್ನದೇ ಬಿಳಿ ತಳಿಯನ್ನು ಬಿಡಿಸಲಿಲ್ಲ! ಅಯ್ಯೋ ಅನ್ನಿಸುವುದು ಹುಟ್ಟಿನಿಂದ ಬರುತ್ತದೆ. ಯಾರನ್ನು ನೋಡಿದರೆ ಅಯ್ಯೋ ಅನ್ನಿಸುತ್ತದೆ ಅನ್ನೋದು ಯಾರ ಜೊತೆ ಬೆಳೆದೆವು ಅನ್ನೋದರ ಮೇಲೆ ಇದೆ.

ಶ್ರೀಧರ: ಹಾಗಾದರೆ ನಾನು ಹೇಳಿದ್ದೇ ಆಯಿತಲ್ಲಮ್ಮ. ಮನೆ ಕಲಿಸುತ್ತದೆ.

ಸುಮಾ: ಅರ್ಧ ನೀವು ಹೇಳಿದ್ದೇ ಚಿಕ್ಕಪ್ಪ. ಆದರೆ ಬಿಡಿಸದೆ ಸುಮ್ಮನಿರುವುದನ್ನೂ ಆ ಇಲಿಗೆ ಕಲಿಸಿದ್ದು ಜೊತೆಗೆ ಬೆಳೆದವರೇ.

ಗಿರಿಜಾ: ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. ಶ್ರೀಧರ, ತೋಟದ ಕೆಲಸಕ್ಕೆ ಬಂದವರಿಗೆ ಹಿತ್ತಿಲಲ್ಲಿ ತೆಂಗಿನ ಚಿಪ್ಪಿನಲ್ಲಿ ಕಾಫಿ ಕೊಡುತ್ತಿದ್ದರಲ್ಲ, ನೆನಪಿದೆಯಾ?

ಶ್ರೀಧರ: ಇದೆ ಅಕ್ಕ. ಆ ಚಿಪ್ಪುಗಳನ್ನು ಗೋಡೆಯ ಗೂಡಿನಿಂದ ತೆಗೆದು ಕೊಡುತ್ತಿದ್ದವನು ನಾನೇ. ಆಗ ಊರಲ್ಲಿ ಎಲ್ಲರ ಮನೆಯಲ್ಲೂ ಹಾಗೇ ಇತ್ತು. ತಪ್ಪು ಅಂತ ಅನ್ನಿಸಲೇ ಇಲ್ಲ.

ಗಿರಿಜಾ: ಅನ್ನಿಸಿತ್ತು ಕಣೋ. ನಿನಗಾಗ ಐದು ವರ್ಷ. ಒಬ್ಬರ ಜೊತೆ ನಿನ್ನ ವಯಸ್ಸಿನ ಮಗ ಬರುತ್ತಿದ್ದ. "ಅವನಿಗ್ಯಾಕೆ ಲೋಟ ಇಲ್ಲ?" ಅಂತ ಕೇಳಿ ನಿನ್ನ ಲೋಟವನ್ನು ಅವನ ಮುಂದೆ ಇಟ್ಟೆ. ಅಪ್ಪ ಎಲ್ಲರ ಎದುರೇ ಬಾರಿಸಿದರು. ಆಮೇಲೆ ನೀನು ಕೇಳಲಿಲ್ಲ.

ಶ್ರೀಧರ: ಅಕ್ಕ, ಆ ಹುಡುಗನ ಹೆಸರೇನು?